ಜಾತ್ರೆ ಇಲ್ಲದ ದಿನ ದುರ್ಗ ಹತ್ತೋಣ

ಹಲವಾಗಲಿನ ಬಂಧುಗಳೇ, ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ತಾಲೂಕುಗಳ ಅಕ್ಕ ಅಣ್ಣಂದಿರೇ,

ನಾನು ನಿಮ್ಮನ್ನು ಕೇಳುತ್ತಿರುವುದು ಒಂದೇ ಒಂದು ದಿನ. ಮೆಕ್ಕೆಜೋಳ ಒಕ್ಕಿ ಮುಗಿದ ಮೇಲೆ, ಭರತ ಹುಣ್ಣಿಮೆಯ ಜಾತ್ರೆ ಇನ್ನೂ ದೂರ ಇರುವಾಗ, ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಉಚ್ಚಂಗಿದುರ್ಗ ಹತ್ತಿ ಬನ್ನಿ. ಹರಕೆ ಇರಬೇಕಿಲ್ಲ, ಜಾತ್ರೆಯೂ ಬೇಡ. ನೋಡುವುದಕ್ಕೆಂದೇ ಹೋಗಿ.

“ಉಚ್ಚೆಂಗೆಮ್ಮನ ಗುಡ್ಡ ನಾವು ಕಾಣದ್ದೇ?” ಎನ್ನುತ್ತೀರಿ. ನಿಜ, ನಾವೆಲ್ಲ ಹತ್ತಿದವರೇ. ಚಿಕ್ಕವನಿದ್ದಾಗ ನಾನು ಅಪ್ಪನ ಹೆಗಲೇರಿ ಜಾತ್ರೆಗೆ ಹೋಗಿದ್ದೆ. ಆ ನೂಕುನುಗ್ಗಲಿನಲ್ಲಿ ಕಂಡದ್ದು ಮುಂದಿನವರ ತಲೆ, ಭಂಡಾರದ ಧೂಳು, ಹಣ್ಣುಕಾಯಿ ಬುಟ್ಟಿ. ಕೈಮುಗಿದು ಇಳಿದೆವು, ಹಾಲಮ್ಮನ ತೋಪಿನಲ್ಲಿ ಉಂಡೆವು, ಊರಿಗೆ ಬಂದೆವು. ಎಷ್ಟೋ ವರ್ಷದ ಮೇಲೆ, ಯಾವ ಹಬ್ಬವೂ ಇಲ್ಲದ ದಿನ ಒಬ್ಬನೇ ಹತ್ತಿದೆ. ಗುಡ್ಡದ ಏರಿಳಿತಕ್ಕೆ ಹೊಂದಿಸಿ ಕಟ್ಟಿದ ಗೋಡೆ, ದಾರಿ ತಿರುಗುವಲ್ಲಿ ಎದುರಾಗುವ ಬಾಗಿಲು, ಬಂಡೆಗಳ ನಡುವೆ ಮಳೆನೀರು ಹಿಡಿದಿಟ್ಟ ಹೊಂಡ ಒಂದೊಂದಾಗಿ ಕಣ್ಣಿಗೆ ಬಿದ್ದವು. ಅಲ್ಲಿಯವರೆಗೆ ನಾನು ದೇವಿಯನ್ನು ನೋಡಿದ್ದೆ. ದುರ್ಗವನ್ನು ನೋಡಿದ್ದು ಅವತ್ತೇ.

ಆ ಗುಡ್ಡ ಒಂದು ಕಾಲಕ್ಕೆ ನೊಳಂಬವಾಡಿಯನ್ನು ಆಳಿದ ಪಾಂಡ್ಯರ ರಾಜಧಾನಿ. ಅವರಿಗೂ ಮೊದಲು, 10ನೇ ಶತಮಾನದಲ್ಲಿ, ಗಂಗರ ಮಾರಸಿಂಹ ಇದನ್ನು ಗೆದ್ದಿದ್ದ. ಚೋಳರು 12 ವರ್ಷ ಮುತ್ತಿಗೆ ಹಾಕಿಯೂ ಆಸೆ ಬಿಟ್ಟು ಹೋದ ಕೋಟೆ ಇದು ಎಂದು ಹೊಯ್ಸಳ ಶಾಸನಗಳು ಹೊಗಳುತ್ತವೆ. ಅದನ್ನು ವೀರಬಲ್ಲಾಳ ಗೆದ್ದ, ಶರಣು ಬಂದ ಪಾಂಡ್ಯನಿಗೆ ರಾಜ್ಯವನ್ನು ಮರಳಿ ಕೊಟ್ಟ. ‘ಗಿರಿದುರ್ಗಮಲ್ಲ’ ಎಂಬ ಬಿರುದು ಅವನಿಗೆ ಇಂಥ ಗುಡ್ಡಗಳನ್ನು ಗೆದ್ದದ್ದಕ್ಕೇ ಸಂದದ್ದು. ರಾಜರು ತಮ್ಮ ತೋಳ್ಬಲವನ್ನು ಅಳೆದುಕೊಂಡ ಗುಡ್ಡದ ಬುಡದಲ್ಲಿ ಇವತ್ತು ನಮ್ಮ ಮಕ್ಕಳು ಬಸ್ಸು ಕಾಯುತ್ತ ನಿಲ್ಲುತ್ತಾರೆ. ಈ ಕಥೆಯನ್ನು ಅವರಿಗೆ ಕೂರಿಸಿಕೊಂಡು ಹೇಳಿದವರು ಎಷ್ಟು ಜನ?

ಉಚ್ಚಂಗಿ ಒಂದೇ ಅಲ್ಲ. ಹರಪನಹಳ್ಳಿಯ ಪಾಳೇಗಾರರ ಹೆಸರು ಕೇಳಿದರೆ ಸುತ್ತಿನ ಸೀಮೆ ಬೆಚ್ಚುತ್ತಿದ್ದ ಕಾಲವಿತ್ತು. 18ನೇ ಶತಮಾನದ ನಡುವೆ ಮಾಯಕೊಂಡದ ಬಯಲಿನಲ್ಲಿ ಚಿತ್ರದುರ್ಗದ ಮದಕರಿ ನಾಯಕ ಬಿದ್ದದ್ದು ಹರಪನಹಳ್ಳಿಯ ಸೋಮಶೇಖರ ನಾಯಕನ ಎದುರು. ಚಿತ್ರದುರ್ಗದ ಏಳು ಸುತ್ತನ್ನು ನೋಡಲು ನಾಡಿನ ಜನ ಸಾಲುಗಟ್ಟುತ್ತಾರೆ. ಹರಪನಹಳ್ಳಿಯ ಕೋಟೆ ಯಾವ ಕಡೆ ಎಂದು ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲೇ ಕೇಳಿ ನೋಡಿ. ಕೂಡ್ಲಿಗಿ ತಾಲೂಕಿನ ಗುಡೇಕೋಟೆಯಲ್ಲಿ ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂಥ ಬೆಟ್ಟವನ್ನೇ ಗೋಡೆ ಮಾಡಿಕೊಂಡು ಕಟ್ಟಿದ ದುರ್ಗವಿದೆ. ಒನಕೆ ಓಬವ್ವನ ತವರು ನಮ್ಮೂರೇ ಎಂದು ಅಲ್ಲಿನವರು ಅಭಿಮಾನದಿಂದ ಹೇಳುತ್ತಾರೆ. ಅದರಾಚೆ ಜರಿಮಲೆ. ಉಜ್ಜಿನಿಯ ದೇವಸ್ಥಾನದ ಶಿಖರಕ್ಕೆ ಎಣ್ಣೆ ಎರೆಯುವ ಸೇವೆಗೆ ಇವತ್ತಿಗೂ ಜರಿಮಲೆ ಪಾಳೇಗಾರರ ಮನೆತನದಿಂದ ಎಣ್ಣೆ ಬರಬೇಕು. ಗೋಡೆ ಬಿದ್ದರೂ ಕೋಟೆಗೂ ಜನಕ್ಕೂ ಇದ್ದ ಬಳ್ಳಿ ಹರಿದಿಲ್ಲ.

ಇನ್ನು ಊರೂರಿನ ಹುಡೇವುಗಳು. ದಂಡು ಬಂದರೆ, ಕಳ್ಳರು ಬಂದರೆ ಹತ್ತಿ ನೋಡಲು ನಮ್ಮ ಹಿರಿಯರು ಕಲ್ಲು ಮಣ್ಣಿನಲ್ಲಿ ಎತ್ತಿದ ಕಾವಲು ಕೊತ್ತಲಗಳು. ಅಗಸಿ ಬಾಗಿಲು, ವಾಡೆಯ ಗೋಡೆ, ಕಾಳು ತುಂಬುತ್ತಿದ್ದ ಹಗೇವು, ಇವಕ್ಕೆಲ್ಲ ನಮ್ಮ ಬಾಯಲ್ಲಿ ಇನ್ನೂ ಹೆಸರಿದೆ. ಹೆಸರು ಇರುವಾಗಲೇ ಇವುಗಳ ಹತ್ತಿರ ಹೋಗಬೇಕು. ವಸ್ತು ಬಿದ್ದ ಮೇಲೆ ಹೆಸರು ಎರಡು ತಲೆಮಾರು ಬಾಳುವುದಿಲ್ಲ.

ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂದು ನಮ್ಮ ಕಡೆ ಗಾದೆಯೇ ಇದೆ. ಗಾದೆ ಕಟ್ಟಿದವರು ಎರಡೂ ಕಡೆ ಹೋಗಿ, ನಿಂತು, ಹೋಲಿಸಿ ನೋಡಿದವರು. ನಾವು ಹಂಪಿಯನ್ನಷ್ಟೇ ಉಳಿಸಿಕೊಂಡು ಗಾದೆಯ ಅರ್ಧವನ್ನು ಕೈಬಿಟ್ಟಿದ್ದೇವೆ. ಹಲವಾಗಲಿನಿಂದ ಹೊಳೆಯ ಹರಿವಿನ ಜೊತೆಗೇ ಕೆಳಗೆ ಹೋದರೆ ಕುರುವತ್ತಿ. ಅಲ್ಲಿಯ ಮಲ್ಲಿಕಾರ್ಜುನನ ಗುಡಿಯ ಮದನಿಕೆಯರು ಕಲ್ಲೆಂಬುದೇ ಮರೆತುಹೋಗುವಷ್ಟು ಬಳುಕಿದ್ದಾರೆ. ಹರಪನಹಳ್ಳಿಯ ಮಗ್ಗುಲಲ್ಲೇ ಬಾಗಳಿಯ ಕಲ್ಲೇಶ್ವರ, ನೀಲಗುಂದದ ಭೀಮೇಶ್ವರ. ಅಲೆಕ್ಸಾಂಡರ್ ರೀ ಎಂಬ ಅಧಿಕಾರಿ ಬಾಗಳಿ, ಮಾಗಳ, ಕುರುವತ್ತಿಗಳ ಗುಡಿಗಳ ಕಂಬ, ಬಾಗಿಲುವಾಡಗಳನ್ನು ಅಳೆದು ಬರೆಸಿ 1896ರಲ್ಲಿ ಪುಸ್ತಕ ಮಾಡಿದ. ಎಲ್ಲಿಂದಲೋ ಬಂದವನು ಅಷ್ಟು ಹೊತ್ತು ನಿಂತು ನೋಡಿದ ಕಂಬಕ್ಕೆ ನಾವು ಬೆನ್ನು ಆನಿಸಿ ಹರಟೆ ಹೊಡೆಯುತ್ತೇವೆ.

ನೋಡುವವರಿಲ್ಲದ ಕೋಟೆಗೆ ಹೋಗುವವರು ಯಾರು? ನಿಧಿಗಳ್ಳರು. ರಾತ್ರಿ ಹಾರೆ ಗುದ್ದಲಿ ಹಿಡಿದು ಬಂದು ಬಸವಣ್ಣನ ವಿಗ್ರಹದ ಬುಡ ಅಗೆಯುತ್ತಾರೆ, ಕೊತ್ತಲದ ಕಲ್ಲು ಕೀಳುತ್ತಾರೆ. ಒಂದು ಮಳೆಗಾಲ ಸಾಕು, ಕೆದಕಿದ ಜಾಗದಿಂದ ಇಡೀ ಗೋಡೆ ಜಾರುತ್ತದೆ. ಭಾನುವಾರಕ್ಕೊಮ್ಮೆ ನಾಲ್ಕು ಮನೆಯವರು ಬುತ್ತಿ ಉಂಡು ಹೋಗುವ ಜಾಗದಲ್ಲಿ ಗುಂಡಿ ತೋಡುವುದು ಸುಲಭವಲ್ಲ. ಮಾರನೆಯ ವಾರವೇ ಅದು ಯಾರದಾದರೂ ಕಣ್ಣಿಗೆ ಬೀಳುತ್ತದೆ. ನಮ್ಮ ಕಾಲ್ನಡಿಗೆಯೇ ಕಾವಲು. ನಾನು ಒಂದು ದಿನ ಬೇಡುತ್ತಿರುವುದು ಇದಕ್ಕೇ.

ಪ್ರೀತಿಯಿಂದ ಆಗುವ ಹಾನಿಯೂ ಉಂಟು. ನಮ್ಮ ಸೀಮೆಯ ಒಂದು ಊರಿನಲ್ಲಿ, ಅಕ್ಷರ ತುಂಬಿದ ಶಾಸನದ ಕಲ್ಲಿಗೆ ಹಬ್ಬದ ಮುಂಚೆ ದಪ್ಪಗೆ ಎಣ್ಣೆಬಣ್ಣ ಬಳಿದದ್ದನ್ನು ಕಂಡಿದ್ದೇನೆ. ಬಳಿದವರು ಭಕ್ತರು, ಕೇಡು ಬಯಸಿದವರಲ್ಲ. ಆದರೆ ಆ ಕಲ್ಲು ಹೇಳುತ್ತಿದ್ದ ಮಾತು ಬಣ್ಣದ ಕೆಳಗೆ ಹೂತುಹೋಯಿತು. ಅಲ್ಲಿ ಯಾವ ಕೆರೆಗೆ ಯಾರು ಭೂಮಿ ಬಿಟ್ಟರು, ಊರಿನ ಹಳೆಯ ಹೆಸರೇನು ಎಂದು ಬರೆದಿತ್ತೋ ಏನೋ ಎಂದು ಇವತ್ತಿಗೂ ಮನಸ್ಸು ಚುಚ್ಚುತ್ತದೆ.

ಸರ್ಕಾರ ಏನು ಮಾಡುತ್ತಿದೆ ಎಂದು ಕೇಳಬಹುದು. ಕೇಳಲೇಬೇಕು. ಆದರೆ ನಮ್ಮ ಹರಪನಹಳ್ಳಿಯ ಹಣೆಬರಹ ನೋಡಿ. 1953ರವರೆಗೆ ಮದ್ರಾಸಿನ ಆಡಳಿತ, ಆಮೇಲೆ ಮೈಸೂರು ರಾಜ್ಯದ ಬಳ್ಳಾರಿ ಜಿಲ್ಲೆ, 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಕಡತಗಳು ಊರೂರು ಅಲೆದವು. ಗುಡ್ಡ ಮಾತ್ರ ಇದ್ದಲ್ಲೇ ಇದೆ, ಅದರ ಬುಡದಲ್ಲಿ ನಾವೂ ಇದ್ದೇವೆ. ಸಂವಿಧಾನದ 51ಎ ವಿಧಿ ಪರಂಪರೆಯನ್ನು ಕಾಪಾಡುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯ ಎನ್ನುತ್ತದೆ. ಅದು ಕಚೇರಿಗಷ್ಟೇ ಹೇಳಿದ ಮಾತಲ್ಲ.

ಸಣ್ಣ ಊರಿನವರ ಕೈಯಲ್ಲಿ ಏನಾದೀತು ಎಂದುಕೊಳ್ಳಬೇಡಿ. ಇಟಲಿಯ ಹಳ್ಳಿಗಾಡಿನಲ್ಲೂ ನಮ್ಮಂತೆಯೇ ಗುಡ್ಡಕ್ಕೊಂದು ಕೋಟೆ, ಕೋಟೆಯೊಳಗೊಂದು ಊರು. ದುಡಿಯುವವರು ಪಟ್ಟಣ ಸೇರಿ ಆ ಊರುಗಳೂ ಬರಿದಾಗಿದ್ದವು. 2001ರಲ್ಲಿ ಅಲ್ಲಿಯ ಸಣ್ಣ ಊರುಗಳ ಸ್ಥಳೀಯ ಸಂಸ್ಥೆಗಳು ಸೇರಿ ಚೆಲುವಾದ ಹಳ್ಳಿಗಳದೊಂದು ಕೂಟ ಕಟ್ಟಿಕೊಂಡವು. 15,000ಕ್ಕಿಂತ ಹೆಚ್ಚು ಜನಸಂಖ್ಯೆ ಇರುವ ಊರಿಗೆ ಅದರಲ್ಲಿ ಜಾಗವಿಲ್ಲ. ಚಿವಿತಾ ದಿ ಬಾನ್ಯೊರೆಜೊ ಎಂಬ ಊರಂತೂ ಕುಸಿಯುವ ಮಣ್ಣಿನ ಗುಡ್ಡದ ತುದಿಯಲ್ಲಿದೆ. ಅಲ್ಲಿ ವರ್ಷವಿಡೀ ಉಳಿಯುವವರು ಬೆರಳೆಣಿಕೆಯ ಜನ, ಹೋಗಲು ಇರುವುದು ಒಂದು ಕಾಲುಸೇತುವೆ. 2013ರಲ್ಲಿ ಅವರು ನೋಡಲು ಬರುವವರಿಗೆ ಸಣ್ಣ ಪ್ರವೇಶಧನ ಇಟ್ಟರು. ಅದರ ಆದಾಯ ಸುತ್ತಿನ ಇಡೀ ಊರಿಗೆ ಆಸರೆಯಾಯಿತು. ನಮ್ಮ ದೇವರ ಗುಡ್ಡಕ್ಕೆ ಟಿಕೆಟ್ ಇಡಿ ಎನ್ನುತ್ತಿಲ್ಲ. ಸಾಯುತ್ತಿದ್ದ ಊರನ್ನು ನೋಡಬರುವ ಕಣ್ಣುಗಳು ಬದುಕಿಸಿದವು ಎನ್ನುತ್ತಿದ್ದೇನೆ.

ಆದ್ದರಿಂದ ಒಬ್ಬೊಬ್ಬರಲ್ಲೂ ಒಂದೊಂದು ಕೋರಿಕೆ.

ಮೇಷ್ಟ್ರೇ, ಟೀಚರಮ್ಮನವರೇ, ಈ ವರ್ಷದ ಶಾಲಾ ಪ್ರವಾಸ ಇಲ್ಲಿಯೇ ಆಗಲಿ. ಬೆಳಿಗ್ಗೆ ಬಾಗಳಿ, ಮಧ್ಯಾಹ್ನ ಉಚ್ಚಂಗಿ. ಒಂದೊಂದು ಮಗುವಿಗೂ ಒಂದು ಕಂಬವನ್ನೋ ಬಾಗಿಲನ್ನೋ ಹಂಚಿಕೊಟ್ಟು, ನೋಡಿ ಬರೆದು ತರಲು ಹೇಳಿ.

ಗ್ರಾಮ ಪಂಚಾಯಿತಿ ಸದಸ್ಯರೇ, ಮುಂದಿನ ಗ್ರಾಮಸಭೆಯಲ್ಲಿ ನಿಮ್ಮ ಊರಿನ ಹುಡೇವು, ಅಗಸಿ, ವೀರಗಲ್ಲು, ಶಾಸನಗಳ ಪಟ್ಟಿ ಓದಿಸಿ, ಠರಾವಿನ ಪುಸ್ತಕದಲ್ಲಿ ಬರೆಸಿ. ದಾರಿ ತೋರಿಸುವ ಒಂದು ಫಲಕ, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ ಇಷ್ಟಾದರೆ ಸಾಕು. ಕೇಂದ್ರ ಪುರಾತತ್ವ ಇಲಾಖೆ ಸಂರಕ್ಷಿಸಿದ ಸ್ಮಾರಕದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರಿನಲ್ಲಿ ಕಟ್ಟಲು ಅನುಮತಿ ಬೇಕು. ಮನೆ ಕಟ್ಟಲು ಹೊರಟವರಿಗೆ ಇದನ್ನು ಮೊದಲೇ ತಿಳಿಸಿ.

ಗುಡಿಯ ದೈವಸ್ಥರೇ, ಹಳೆಯ ಕಲ್ಲಿಗೆ ಬಣ್ಣ, ಟೈಲ್ಸು, ಸಿಮೆಂಟು ಬೇಡ. ದೀಪದ ಮಸಿ ತೆಗೆಯಬೇಕೆನಿಸಿದರೂ ಪುರಾತತ್ವ ಇಲಾಖೆಯವರನ್ನು ಕೇಳಿ ಮುಟ್ಟಿ.

ಹುಡುಗರೇ, ಬಂಡೆಯ ಮೇಲೆ ಹೆಸರು ಕೆತ್ತಬೇಡಿ. ನಿಮ್ಮ ಫೋನಿನಲ್ಲಿ ಅಜ್ಜ ಅಜ್ಜಿಯರ ಮಾತು ಹಿಡಿದಿಡಿ. ಯಾವ ಹೊಂಡಕ್ಕೆ ಏನು ಹೆಸರು, ಯಾವ ಬಾಗಿಲಿನಿಂದ ಯಾವ ಊರಿಗೆ ದಾರಿ ಎಂದು ಕೇಳಿಕೊಳ್ಳಿ. ಗುಡ್ಡದಲ್ಲಿ ಕುರಿ ಮೇಯಿಸುವ ಅಣ್ಣನನ್ನು ಜೊತೆಗೆ ಕರೆಯಿರಿ, ಅವನಷ್ಟು ಆ ಕೋಟೆಯನ್ನು ಬಲ್ಲವರಿಲ್ಲ. ಹೊಸದಾಗಿ ಅಗೆದ ಗುಂಡಿ ಕಂಡರೆ 112ಕ್ಕೆ ಫೋನ್ ಮಾಡಿ.

ಗುಡೇಕೋಟೆಗೆ ಹೋಗುವವರು ಅದು ಕರಡಿಧಾಮದ ಸೀಮೆ ಎಂಬುದನ್ನು ಮರೆಯಬೇಡಿ. ಗುಂಪಾಗಿ ಹೋಗಿ, ಹೊತ್ತು ಇಳಿಯುವ ಮೊದಲೇ ಕೆಳಗೆ ಬನ್ನಿ. ಬೆಂಗಳೂರಿನಲ್ಲಿ, ಹೊರದೇಶದಲ್ಲಿ ದುಡಿಯುತ್ತಿರುವ ಮಕ್ಕಳೇ, ರಜೆಗೆ ಬಂದಾಗ ಗೆಳೆಯರನ್ನೂ ಕರೆತನ್ನಿ. ಗುಡ್ಡದ ಕೆಳಗಿನ ಖಾನಾವಳಿಯಲ್ಲಿ ರೊಟ್ಟಿ ಉಣ್ಣಿಸಿ, ದುಡ್ಡು ಆ ಊರಿಗೇ ಸೇರಲಿ.

ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಎರಡು ಬಾಟಲಿ ನೀರು ಇರಲಿ. ಖಾಲಿ ಬಾಟಲಿ ಮರಳಿ ನಿಮ್ಮ ಚೀಲಕ್ಕೇ ಬರಲಿ. ಮೇಲೆ ಹೋದ ಮೇಲೆ ಅಮ್ಮನಿಗೆ ಕೈಮುಗಿದು, ಕೋಟೆಗೋಡೆಯ ಪಕ್ಕ ಸ್ವಲ್ಪ ಹೊತ್ತು ಸುಮ್ಮನೆ ಕೂತುಕೊಳ್ಳಿ. ಆಮೇಲೆ ಮಗುವನ್ನು ಎತ್ತಿಕೊಂಡು ವಾಯವ್ಯಕ್ಕೆ ತಿರುಗಿ. ಅಗೋ ಆ ಕಡೆ ಹೊಳೆ, ಹೊಳೆಯ ದಂಡೆಗೆ ನಮ್ಮ ಹಲವಾಗಲು ಎಂದು ಬೆರಳು ಮಾಡಿ ತೋರಿಸಿ. ಎಂಟುನೂರು ವರ್ಷದ ಹಿಂದೆ ಇದೇ ಗುಡ್ಡದ ಮೇಲೆ ನಿಂತ ಕಾವಲಿನವನೂ ಆ ದಿಕ್ಕನ್ನೇ ನೋಡುತ್ತಿದ್ದ ಎಂದು ಹೇಳಿ. ಆ ಮಗು ಮುಂದೆ ಯಾವತ್ತೋ ತನ್ನ ಮಗುವನ್ನು ಅಲ್ಲಿಗೆ ಕರೆದುಕೊಂಡು ಬರುತ್ತದೆ. ಅಲ್ಲಿಯವರೆಗೂ ಆ ಗೋಡೆ ನಿಂತಿರಲಿ ಎಂದೇ ನಿಮ್ಮಲ್ಲಿ ಕೈಮುಗಿದು ಕೇಳುತ್ತಿದ್ದೇನೆ.