ಪುಡಿಯಲ್ಲಿ ಮದ್ದೆಷ್ಟು? ಬರೆದು ಕೊಡಿ!

ಸಿರಿಗೇರಿ, ಸಿರುಗುಪ್ಪ, ಕುರುಗೋಡು ಭಾಗದ ರೈತ ಬಾಂಧವರೇ,

ಕಾಲುವೆಗೆ ನೀರು ಬರುವ ಹೊತ್ತಾಯಿತು. ಸಸಿಮಡಿಗೆ ಬೀಜ ಚೆಲ್ಲುವ ಮೊದಲೇ ಈ ಮಾತು ಇತ್ಯರ್ಥವಾಗಬೇಕು.

ಬೆಂಕಿ ರೋಗಕ್ಕೆಂದು ದುಡ್ಡು ಸುರಿದು ತಂದ ಬ್ಯಾಸಿಲಸ್ ಜೀವಾಣುವಿನ ಪುಡಿ ನಮ್ಮ ಸೋನಾ ಮಸೂರಿಯನ್ನು ಉಳಿಸಲಿಲ್ಲ. ಪೊಟ್ಟಣದ ಮೇಲೆ ಏನಿದೆ? ಗ್ರಾಮಿಗೆ ಇಷ್ಟು ಕೋಟಿ ಜೀವಾಣು. ಮದ್ದೆಷ್ಟಿದೆ? ಒಂದಕ್ಷರವೂ ಇಲ್ಲ!

ಬ್ಯಾಸಿಲಸ್ ಸಬ್ಟಿಲಿಸ್ ಬೀಜಾಣು ಕಟ್ಟಿಕೊಂಡು ಬಿಸಿಲು, ಬರ ಎಲ್ಲ ತಾಳುತ್ತದೆ, ನಿಜ. ಆದರೆ ರೋಗದ ಬೂಷ್ಟನ್ನು ಹೊಡೆಯುವುದರಲ್ಲಿ ದೊಡ್ಡ ಪಾಲು ಅದು ಸ್ರವಿಸುವ ಇಟುರಿನ್, ಫೆಂಗಿಸಿನ್‌ಗಳದ್ದು. ನಾವು ಕೇಳುವ ಮದ್ದು ಅವೇ; ಅವು ಬೂಷ್ಟಿನ ಪೊರೆಯನ್ನೇ ಕೆಡಿಸುತ್ತವೆ. ಎಷ್ಟು ಹುಟ್ಟುತ್ತವೆ ಎಂಬುದು ತಳಿ, ಮೇವು, ಗಾಳಿ, ಶಾಖದ ಮೇಲೆ ನಿಂತಿದೆ. ಜಪಾನಿನ ವಿಜ್ಞಾನಿಗಳು ಸೋಯಾ ಹಾಲು ಹಿಂಡಿ ಉಳಿದ ಚರಟದ ಮೇಲೆ ಇದೇ ಜೀವಾಣುವನ್ನು ಬೆಳೆಸಿದರು. ಇಟುರಿನ್ ಹೆಚ್ಚು ಬಂದದ್ದು 25 ಡಿಗ್ರಿಯಲ್ಲಿ. 37 ಡಿಗ್ರಿಯಲ್ಲಿ ಹೆಚ್ಚಿದ್ದು ಸರ್ಫ್ಯಾಕ್ಟಿನ್ ಎಂಬ ಬೇರೆಯೇ ವಸ್ತು. ನಮ್ಮ ಬಳ್ಳಾರಿ ಸೆಕೆಯಲ್ಲಿ ಲೆಕ್ಕವಿಲ್ಲದೆ ಬೆಳೆಸಿದರೆ ಏನಾದೀತು? ಬೀಜಾಣು ಸೋಸಿಕೊಂಡು, ಅದು ಬೆಳೆದ ದ್ರಾವಣ ಚೆಲ್ಲುವವರು ಚೆಲ್ಲುವುದು ಮದ್ದನ್ನೇ. ಉಳಿದ ಎಣಿಕೆ ನಮ್ಮ ಪಾಲಿಗೆ!

ಭತ್ತದ ಇನ್ನೊಂದು ರೋಗ ದುಂಡಾಣು ಅಂಗಮಾರಿ; ಅದಕ್ಕೆ ಹೊಡೆಯುತ್ತಿದ್ದ ಸ್ಟ್ರೆಪ್ಟೊಮೈಸಿನ್-ಟೆಟ್ರಾಸೈಕ್ಲಿನ್ ನಿಲ್ಲಿಸಲು ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲೇ ಕರಡು ಆದೇಶ ಹೊರಡಿಸಿತು. ಮನುಷ್ಯರ ಔಷಧಿ ಗದ್ದೆಗೆ ಬೇಡ, ಒಪ್ಪಿದೆವು. ಬದಲಿಗೆ ಕೊಟ್ಟದ್ದೇನು? ಎಣಿಕೆ ಬರೆದ ಪುಡಿ!

“ರೈತರಿಗೆ ಇದೆಲ್ಲ ತಿಳಿಯುವುದಿಲ್ಲ” ಎನ್ನುವ ಅಂಗಡಿಯವರೇ, ಕಾಲುವೆಯ ಕ್ಯೂಸೆಕ್ ಲೆಕ್ಕ ಬಾಯಲ್ಲೇ ಹೇಳುವವನಿಗೆ ಮಿಲಿಗ್ರಾಂ ತಿಳಿಯದೇ? ಬೆಲ್ಲದ ನೀರಿನ ಡ್ರಮ್ಮಿನಲ್ಲಿ ಮನೆಯಲ್ಲೇ ಬೆಳೆಸಿಕೊಳ್ಳಿ ಎಂದು ವೇದಿಕೆ ಹತ್ತುವ ಸಾವಯವ ಭಾಷಣಕಾರರೇ, ಡ್ರಮ್ಮಿಗೆ ಬೇರಾವ ಜೀವಾಣು ಹೊಕ್ಕಿತೆಂದು ನೋಡಲು ನೀವು ಬರುತ್ತೀರಾ? ಮಿಲ್ ಮಾಲೀಕರೇ, ನಮ್ಮ ಭತ್ತದ ತೌಡನ್ನು ಲಾರಿಗಟ್ಟಲೆ ಹೊರಗೆ ಸಾಗಿಸುತ್ತೀರಿ. ಈ ಜೀವಾಣುವಿಗೆ ಅದು ಒಳ್ಳೆಯ ಮೇವು. ಒಂದು ಲೋಡಾದರೂ ಊರಿನ ಮದ್ದಿಗೆಂದು ಬಿಟ್ಟಿದ್ದೀರಾ?

ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ, ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ವಿಜ್ಞಾನಿಗಳೇ, ನಿಮ್ಮ ಮೇಲೆ ನಮಗೆ ನಂಬಿಕೆಯಿದೆ. ನಮ್ಮ ಮಣ್ಣಿನ ತಳಿ, ನಮ್ಮ ತೌಡು, ನಮ್ಮೂರಲ್ಲೇ ತಯಾರಿ ಆಗಲಿ. ಪ್ರತಿ ಪೊಟ್ಟಣದ ಮೇಲೆ ಇಟುರಿನ್ ಎಷ್ಟೆಂದು ಅಚ್ಚಾಗಲಿ.

ಕಾಲುವೆಗೆ ನೀರು ಬಿಡುವ ಮುನ್ನ ಹೋಬಳಿಯ ರೈತ ಸಂಪರ್ಕ ಕೇಂದ್ರದ ಮುಂದೆ ಸೇರೋಣ. ಖಾಲಿ ಪೊಟ್ಟಣ ಇಟ್ಟುಕೊಂಡವರು ರಸೀದಿ ಸಮೇತ ತನ್ನಿ.

— ನೊಂದ ಭತ್ತದ ಬೆಳೆಗಾರರು, ಸಿರಿಗೇರಿ