ಕಾಲೇಜಿನ ಅಂಗಳ ದಾಟಿದ ಮೇಲೆ

2024ರ ಏಪ್ರಿಲ್ 7ರಂದು ಅಮೆರಿಕದ ಕಾಲೇಜು ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯ ಅಂತಿಮ ಪಂದ್ಯ ನಡೆಯಿತು. ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ತಂಡ ಅಯೋವಾ ವಿಶ್ವವಿದ್ಯಾಲಯದ ತಂಡವನ್ನು 87–75ರಿಂದ ಸೋಲಿಸಿತು. ಆ ಪಂದ್ಯವನ್ನು ಟಿ.ವಿ.ಯಲ್ಲಿ ನೋಡಿದವರು ಒಂದು ಕೋಟಿ ಎಂಬತ್ತು ಲಕ್ಷಕ್ಕೂ ಹೆಚ್ಚು ಜನ. ಮರುದಿನ ನಡೆದ ಪುರುಷರ ಅಂತಿಮ ಪಂದ್ಯವನ್ನು ನೋಡಿದವರು ಒಂದೂವರೆ ಕೋಟಿಗಿಂತ ಕಡಿಮೆ. ಹೆಣ್ಣುಮಕ್ಕಳ ಆಟವನ್ನು ಯಾರು ನೋಡುತ್ತಾರೆ ಎಂದು ಬಹುಕಾಲದಿಂದ ಕೇಳುತ್ತಾ ಬಂದವರಿಗೆ ಅಂದು ಉತ್ತರ ಸಿಕ್ಕಿತು.

ಅಷ್ಟು ಜನರನ್ನು ಸೆಳೆದವರಲ್ಲಿ ಮುಖ್ಯರಾದವರು ಸೋತ ತಂಡದ ಕೇಟ್ಲಿನ್ ಕ್ಲಾರ್ಕ್. ನಾಲ್ಕು ವರ್ಷಗಳಲ್ಲಿ ಆಕೆ ಗಳಿಸಿದ್ದು 3,951 ಅಂಕ. ಅಮೆರಿಕದ ಕಾಲೇಜು ಆಟದ ಮೇಲಿನ ದರ್ಜೆಯಲ್ಲಿ ಅಷ್ಟು ಅಂಕಗಳನ್ನು ಹೆಣ್ಣಾಗಲಿ ಗಂಡಾಗಲಿ ಅದುವರೆಗೆ ಗಳಿಸಿರಲಿಲ್ಲ. ಎಂಟು ದಿನಗಳ ನಂತರ ಮಹಿಳೆಯರ ವೃತ್ತಿಪರ ಲೀಗಿನ ಆಯ್ಕೆ ನಡೆದಾಗ ಇಂಡಿಯಾನಾ ಫೀವರ್ ತಂಡ ಆಕೆಯನ್ನೇ ಮೊದಲಿಗಳಾಗಿ ಆರಿಸಿಕೊಂಡಿತು. ಆ ದಿನಗಳಲ್ಲಿ ಪತ್ರಿಕೆಗಳಲ್ಲಿ, ಟಿ.ವಿ. ಚರ್ಚೆಗಳಲ್ಲಿ ಕೇಳಿಬಂದದ್ದು ಒಂದೇ ಪ್ರಶ್ನೆ: ಕಾಲೇಜಿನಲ್ಲಿ ಮಿಂಚಿದ ಈ ಹುಡುಗಿ ವೃತ್ತಿಪರ ಆಟದಲ್ಲಿ ನಿಲ್ಲಬಲ್ಲಳೇ?

ಪ್ರಶ್ನೆ ತಪ್ಪೇನಲ್ಲ. ಗಂಡುಹುಡುಗರ ಬಗ್ಗೆಯೂ ಇದನ್ನು ಕೇಳುತ್ತಾರೆ. ಆದರೆ ಹುಡುಗನ ವಿಷಯದಲ್ಲಿ ಆಗ ತೂಗಿ ನೋಡುವುದು ಅವನ ಆಟವನ್ನು ಮಾತ್ರ. ಹುಡುಗಿಯ ವಿಷಯದಲ್ಲಿ ಈ ಒಂದು ಪ್ರಶ್ನೆಯ ಹೊಟ್ಟೆಯಲ್ಲಿ ಮೂರು ಪ್ರಶ್ನೆಗಳಿರುತ್ತವೆ. ಆಕೆ ಆಡಬಲ್ಲಳೇ? ಆ ಆಟದಿಂದ ಆಕೆಯ ಬದುಕು ನಡೆದೀತೇ? ಆಕೆ ಆಡುವ ಅಂಗಳವೇ ನಾಳೆ ಉಳಿದಿರುತ್ತದೆಯೇ? ಮೊದಲನೆಯದಕ್ಕೆ ಉತ್ತರ ಕೊಡಬೇಕಾದವಳು ಹುಡುಗಿ. ಉಳಿದೆರಡಕ್ಕೆ ಉತ್ತರ ಕೊಡಬೇಕಾದವರು ಬೇರೆ. ಸೋತಾಗ ಮಾತ್ರ ಮೂರರ ಹೊಣೆಯನ್ನೂ ಅವಳ ತಲೆಗೇ ಕಟ್ಟುತ್ತೇವೆ.

ಮೊದಲು ಆಟದ ಮಾತು. 2024ರ ಮೇ 14ರಂದು ಕ್ಲಾರ್ಕ್ ತಮ್ಮ ಮೊದಲ ವೃತ್ತಿಪರ ಪಂದ್ಯದಲ್ಲಿ 20 ಅಂಕ ಗಳಿಸಿದರು. ಹತ್ತು ಸಲ ಚೆಂಡನ್ನು ಎದುರಾಳಿಗಳಿಗೆ ಕಳೆದುಕೊಂಡರು. ತಂಡ ಸೋತಿತು. ಮೊದಲ ಒಂಬತ್ತು ಪಂದ್ಯಗಳಲ್ಲಿ ಗೆದ್ದದ್ದು ಒಂದೇ. ವಯಸ್ಸಿನಲ್ಲೂ ಕಸುವಿನಲ್ಲೂ ಹಿರಿಯರಾದ ಆಟಗಾರ್ತಿಯರೆದುರು ಕಾಲೇಜಿನ ಆಟ ಸಾಲದು ಎಂದು ಅನೇಕರು ತೀರ್ಪು ಕೊಟ್ಟೇಬಿಟ್ಟರು. ಆ ವರ್ಷದ ಒಲಿಂಪಿಕ್ ತಂಡಕ್ಕೂ ಆಕೆ ಆಯ್ಕೆಯಾಗಲಿಲ್ಲ. ಆದರೆ ಋತು ಮುಗಿಯುವ ಹೊತ್ತಿಗೆ ಸರಾಸರಿ 19.2 ಅಂಕ, ಜೊತೆಯವರಿಗೆ ಚೆಂಡು ಒದಗಿಸಿ ಅಂಕ ತಂದುಕೊಟ್ಟ ಅಸಿಸ್ಟ್‌ಗಳು 337. ಒಂದೇ ಋತುವಿನಲ್ಲಿ ಅಷ್ಟು ಅಸಿಸ್ಟ್‌ಗಳು ಆ ಲೀಗಿನಲ್ಲಿ ಅದುವರೆಗೆ ಯಾರಿಂದಲೂ ಆಗಿರಲಿಲ್ಲ. ಚೆಂಡು ಕಳೆದುಕೊಳ್ಳುವುದರಲ್ಲೂ ಆಕೆಯದೇ ದಾಖಲೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಹಿಂದಿನ ವರ್ಷ ನಲವತ್ತರಲ್ಲಿ ಹದಿಮೂರು ಪಂದ್ಯ ಗೆದ್ದಿದ್ದ ತಂಡ ಇಪ್ಪತ್ತು ಗೆದ್ದು, 2016ರ ನಂತರ ಮೊದಲ ಬಾರಿಗೆ ಪ್ಲೇಆಫ್‌ಗೆ ಏರಿತು. ವರ್ಷದ ಹೊಸ ಆಟಗಾರ್ತಿ ಪ್ರಶಸ್ತಿ ಆಕೆಗೇ ಬಂತು.

ಎಲ್ಲರಿಗೂ ಹೀಗೆ ಒಂದೇ ವರ್ಷದಲ್ಲಿ ದಾರಿ ಸಿಗುವುದಿಲ್ಲ. ಕ್ಲಾರ್ಕ್‌ಗಿಂತ ಮೊದಲು ಕಾಲೇಜು ದಾಖಲೆ ಹೊಂದಿದ್ದ ಕೆಲ್ಸಿ ಪ್ಲಮ್ 2017ರಲ್ಲಿ ಮೊದಲಿಗರಾಗಿಯೇ ಆಯ್ಕೆಯಾದರು. ಮೊದಲ ಋತುವಿನಲ್ಲಿ ಆಕೆಯ ಸರಾಸರಿ ಹತ್ತು ಅಂಕವನ್ನೂ ಮುಟ್ಟಲಿಲ್ಲ. 2020ರಲ್ಲಿ ಹಿಮ್ಮಡಿಯ ಸ್ನಾಯು ಹರಿದು ವರ್ಷವೇ ವ್ಯರ್ಥವಾಯಿತು. 2022 ಮತ್ತು 2023ರಲ್ಲಿ ಲಾಸ್ ವೇಗಸ್ ತಂಡ ಪ್ರಶಸ್ತಿ ಗೆದ್ದಾಗ ಅದೇ ಪ್ಲಮ್ ತಂಡದ ಆಧಾರಸ್ತಂಭಗಳಲ್ಲಿ ಒಬ್ಬರು. ಅವರಿಗೂ ಮೊದಲು ಆ ದಾಖಲೆಯನ್ನು ಹೊಂದಿದ್ದ ಜಾಕಿ ಸ್ಟೈಲ್ಸ್ 2001ರಲ್ಲಿ ಹೊಸ ಆಟಗಾರ್ತಿ ಪ್ರಶಸ್ತಿ ಪಡೆದರೂ ಗಾಯಗಳ ಮೇಲೆ ಗಾಯ, ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆ; ಆ ಲೀಗಿನಲ್ಲಿ ಎರಡೇ ಋತು ಆಡಲು ಸಾಧ್ಯವಾಯಿತು. ಕ್ಲಾರ್ಕ್ ಕೂಡ 2025ರಲ್ಲಿ ಗಾಯದಿಂದಾಗಿ ಹದಿಮೂರು ಪಂದ್ಯಗಳನ್ನಷ್ಟೇ ಆಡಿದರು. ಪ್ರತಿಭೆ, ಅಭ್ಯಾಸ, ದೇಹದ ಅದೃಷ್ಟ, ಕಾಯುವ ತಾಳ್ಮೆ ಇವೆಲ್ಲ ಕೂಡಿ ಬರಬೇಕು. ಇಷ್ಟರಮಟ್ಟಿಗೆ ಗಂಡಿಗೂ ಹೆಣ್ಣಿಗೂ ವ್ಯತ್ಯಾಸವಿಲ್ಲ.

ವ್ಯತ್ಯಾಸ ಶುರುವಾಗುವುದು ಎರಡನೆಯ ಪ್ರಶ್ನೆಯಲ್ಲಿ. ಕ್ಲಾರ್ಕ್‌ಗೆ ಮೊದಲ ವರ್ಷ ಲೀಗ್ ಕೊಟ್ಟ ಸಂಬಳ 76,535 ಡಾಲರ್. ಹಿಂದಿನ ವರ್ಷ ಪುರುಷರ ಲೀಗಿನಲ್ಲಿ ಮೊದಲಿಗನಾಗಿ ಆಯ್ಕೆಯಾದ ಯುವಕನಿಗೆ ಮೊದಲ ವರ್ಷಕ್ಕೆ ಸಿಕ್ಕದ್ದು ಒಂದು ಕೋಟಿ ಇಪ್ಪತ್ತು ಲಕ್ಷ ಡಾಲರ್‌ಗೂ ಹೆಚ್ಚು. ಅಂದರೆ ನೂರೈವತ್ತು ಪಟ್ಟಿಗಿಂತ ಮಿಗಿಲು. ಬೂಟು, ಬಟ್ಟೆ ಕಂಪನಿಗಳ ಜಾಹೀರಾತಿನಿಂದ ಕ್ಲಾರ್ಕ್‌ಗೆ ಕೋಟಿಗಟ್ಟಲೆ ಬರುತ್ತದೆ, ಅಯ್ಯೋ ಪಾಪ ಎನ್ನಬೇಕಾಗಿಲ್ಲ ಎನ್ನುವವರಿದ್ದಾರೆ. ನಿಜ. ಆದರೆ ಜಾಹೀರಾತು ಬರುವುದು ಬೆರಳೆಣಿಕೆಯ ಮಂದಿಗೆ. 2024ರಲ್ಲಿ ಆ ಲೀಗಿನಲ್ಲಿ ಇದ್ದದ್ದು ಹನ್ನೆರಡು ತಂಡ, ತಂಡಕ್ಕೆ ಹೆಚ್ಚೆಂದರೆ ಹನ್ನೆರಡು ಜನ. ಕಾಲೇಜುಗಳ ಮೇಲಿನ ದರ್ಜೆಯಲ್ಲೇ 350ಕ್ಕೂ ಹೆಚ್ಚು ಮಹಿಳಾ ತಂಡಗಳಿವೆ. ವರ್ಷವೂ ಆಯ್ಕೆಯಲ್ಲಿ ಹೆಸರು ಕೂಗಿಸಿಕೊಳ್ಳುವವರಲ್ಲೇ ಅನೇಕರು ಅಭ್ಯಾಸ ಶಿಬಿರದಿಂದ ಮನೆಗೆ ಮರಳುತ್ತಾರೆ.

ಪುರುಷರ ಆಟ ಹೆಚ್ಚು ಹಣ ತರುತ್ತದೆ, ಅದಕ್ಕೇ ಅವರಿಗೆ ಹೆಚ್ಚು ಸಂಬಳ ಎಂಬ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಅದೇ ವಾದವನ್ನು ಕೊನೆಯವರೆಗೆ ಒಯ್ಯೋಣ. ಪುರುಷರ ಲೀಗಿನಲ್ಲಿ ಬಂದ ಆದಾಯದ ಸುಮಾರು ಅರ್ಧ ಪಾಲು ಆಟಗಾರರಿಗೆ ಹೋಗುತ್ತದೆ ಎಂದು ಒಪ್ಪಂದವಿದೆ. ಮಹಿಳೆಯರ ಲೀಗಿನಲ್ಲಿ 2020ರ ಒಪ್ಪಂದದ ಕಾಲದಲ್ಲಿ ಆಟಗಾರ್ತಿಯರ ಕೈಸೇರುತ್ತಿದ್ದುದು ಆದಾಯದ ಹತ್ತನೇ ಒಂದು ಪಾಲಿನ ಆಸುಪಾಸು ಎಂಬ ಅಂದಾಜಿದೆ. ಚಿಕ್ಕ ರೊಟ್ಟಿಯಲ್ಲಿ ಚಿಕ್ಕ ತುಂಡು ಸಿಗುವುದು ಸಹಜ. ಅರ್ಧದ ಬದಲು ಚೂರು ಸಿಗುವುದು ಯಾವ ನ್ಯಾಯ? ಇಂಡಿಯಾನಾ ತಂಡದ ತವರಿನ ಪಂದ್ಯಗಳಿಗೆ 2023ರಲ್ಲಿ ಸರಾಸರಿ ನಾಲ್ಕು ಸಾವಿರ ಜನ ಬರುತ್ತಿದ್ದರು. ಮರುವರ್ಷ ಅದು ಹದಿನೇಳು ಸಾವಿರವಾಯಿತು. 2024ರ ಜುಲೈಯಲ್ಲಿ ಹನ್ನೊಂದು ವರ್ಷಗಳ ಟಿ.ವಿ. ಪ್ರಸಾರಕ್ಕಾಗಿ ಸುಮಾರು 220 ಕೋಟಿ ಡಾಲರ್ ಒಪ್ಪಂದವಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ಆಟಗಾರ್ತಿಯರ ಸಂಘ ಹಳೆಯ ವೇತನ ಒಪ್ಪಂದ ನಮಗೆ ಬೇಡವೆಂದು ಹೊರಬಂತು. 2025ರ ಜುಲೈಯಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ನಡೆದ ತಾರೆಯರ ಪಂದ್ಯಕ್ಕೆ ಮುನ್ನ, ನಮಗೆ ಸಲ್ಲಬೇಕಾದುದನ್ನು ಕೊಡಿ ಎಂಬರ್ಥದ ಬರಹವಿದ್ದ ಅಂಗಿ ತೊಟ್ಟು ಆಟಗಾರ್ತಿಯರು ಅಂಗಳಕ್ಕೆ ಇಳಿದರು. ಗಾಯಗೊಂಡಿದ್ದ ಕ್ಲಾರ್ಕ್ ಕೂಡ ಅವರ ಜೊತೆಗಿದ್ದರು. ಹೆಚ್ಚು ಗಳಿಸುವವಳು ಕಡಿಮೆ ಗಳಿಸುವವರ ಸಾಲಿನಲ್ಲಿ ನಿಂತ ಆ ದೃಶ್ಯ ಆಕೆಯ ಯಾವ ದಾಖಲೆಗೂ ಕಡಿಮೆಯದಲ್ಲ.

ಸಂಬಳ ಸಾಲದಾದಾಗ ಏನಾಗುತ್ತದೆ? ವರ್ಷದಲ್ಲಿ ಕೆಲವು ತಿಂಗಳು ತಾಯ್ನಾಡಿನಲ್ಲಿ ಆಡಿ, ಉಳಿದ ತಿಂಗಳು ಪರದೇಶಗಳಿಗೆ ಹೋಗಿ ಆಡಬೇಕಾಗುತ್ತದೆ. ಬ್ರಿಟ್ನಿ ಗ್ರೈನರ್ ಬೇಲರ್ ವಿಶ್ವವಿದ್ಯಾಲಯದ ತಾರೆ, ಒಲಿಂಪಿಕ್ ಚಿನ್ನ ಗೆದ್ದವರು. ಆದರೂ ಸ್ವದೇಶದ ಸಂಬಳದ ಹಲವು ಪಟ್ಟು ಸಿಗುತ್ತದೆಂದು ರಷ್ಯಾದ ತಂಡಕ್ಕೆ ಆಡುತ್ತಿದ್ದರು. 2022ರ ಫೆಬ್ರವರಿಯಲ್ಲಿ ಆಕೆ ಮಾಸ್ಕೋದ ವಿಮಾನ ನಿಲ್ದಾಣದಲ್ಲಿ ಬಂಧನಕ್ಕೊಳಗಾಗಿ, ಡಿಸೆಂಬರಿನಲ್ಲಿ ಕೈದಿಗಳ ವಿನಿಮಯದ ಮೂಲಕ ಬಿಡುಗಡೆಯಾದರು. ಅಂಥ ಮಟ್ಟದ ಪುರುಷ ಆಟಗಾರ ಬಿಡುವಿನ ತಿಂಗಳುಗಳಲ್ಲಿ ದುಡಿಮೆಗಾಗಿ ಅಲ್ಲಿಗೆ ಹೋಗಬೇಕಾದ ಪ್ರಸಂಗವೇ ಬರುವುದಿಲ್ಲ.

ಮೂರನೆಯ ಪ್ರಶ್ನೆ ಅಂಗಳದ್ದು. ಇದರ ಕಥೆ ಅಯೋವಾ ರಾಜ್ಯದಲ್ಲೇ ಸಿಗುತ್ತದೆ. ಅಲ್ಲಿನ ಶಾಲೆಗಳಲ್ಲಿ 1993ರವರೆಗೂ ಹುಡುಗಿಯರು ಆರಾರು ಜನರ ಆಟ ಆಡುತ್ತಿದ್ದರು: ಮೂವರು ದಾಳಿಗೆ, ಮೂವರು ರಕ್ಷಣೆಗೆ, ನಡುಗೆರೆ ದಾಟುವಂತಿಲ್ಲ, ಎರಡಕ್ಕಿಂತ ಹೆಚ್ಚು ಬಾರಿ ಚೆಂಡನ್ನು ನೆಲಕ್ಕೆ ಪುಟಿಸುವಂತಿಲ್ಲ. ಹೆಣ್ಣುಮೈಗೆ ಹೆಚ್ಚು ಓಟ ಆಗದು ಎಂಬ ನಂಬಿಕೆಯಿಂದ ಹುಟ್ಟಿದ ನಿಯಮಗಳಿವು. ಆದರೂ ಆ ಆಟವನ್ನು ನೋಡಲು ಊರಿಗೆ ಊರೇ ನೆರೆಯುತ್ತಿತ್ತು. 1968ರಲ್ಲಿ ಡೆನಿಸ್ ಲಾಂಗ್ ಎಂಬ ಹುಡುಗಿ ಒಂದೇ ಪಂದ್ಯದಲ್ಲಿ 111 ಅಂಕ ಗಳಿಸಿದಳು. 1969ರಲ್ಲಿ ಪುರುಷರ ಲೀಗಿನ ಸ್ಯಾನ್ ಫ್ರಾನ್ಸಿಸ್ಕೋ ತಂಡ ಆಕೆಯನ್ನು ಆಯ್ಕೆ ಮಾಡಿತು. ಲೀಗಿನ ಮುಖ್ಯಸ್ಥರು ಅದನ್ನು ರದ್ದುಪಡಿಸಿದರು. ಆ ಹುಡುಗಿಗೆ ಹೋಗಲು ತನ್ನದೇ ಒಂದು ಲೀಗ್ ಇರಲಿಲ್ಲ.

1972ರಲ್ಲಿ ಟೈಟಲ್ ನೈನ್ ಎಂದು ಕರೆಯುವ ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು ಲಿಂಗದ ಆಧಾರದಲ್ಲಿ ಭೇದ ಮಾಡಬಾರದು ಎಂಬುದು ಅದರ ಸಾರ. ಕಾಲೇಜುಗಳ ಬಾಗಿಲು ತೆರೆಯಿತು. ಕಾಲೇಜಿನ ಆಚೆಯ ಬಾಗಿಲು ತೆರೆಯಲಿಲ್ಲ. 1978ರಲ್ಲಿ ಆರಂಭವಾದ ಮಹಿಳೆಯರ ಮೊದಲ ವೃತ್ತಿಪರ ಲೀಗ್ ಮೂರು ಋತು ನಡೆದು ನಿಂತಿತು. 1981ರಲ್ಲಿ ಮಿನ್ನೆಸೋಟದ ಆಟಗಾರ್ತಿಯರು ಬಾಕಿ ಸಂಬಳಕ್ಕಾಗಿ ಪಂದ್ಯ ಬಿಟ್ಟು ಅಂಗಳದಿಂದ ಹೊರನಡೆದರು. ಅದೇ ಲೀಗಿನಲ್ಲಿ ಅಯೋವಾ ತಂಡದ ತಾರೆಯಾಗಿದ್ದವರು ಮಾಲಿ ಬೋಲಿನ್. ವಿಚ್ಛೇದನದ ಸಂದರ್ಭದಲ್ಲಿ ಕೆಳ ನ್ಯಾಯಾಲಯ ಆಕೆಯ ಮಗನನ್ನು ತಂದೆಗೆ ಒಪ್ಪಿಸಿತು. ಆಟದ ವೃತ್ತಿಯೇ ತಾಯಿಯ ಮೇಲಿನ ಆಕ್ಷೇಪವಾಯಿತು. 1983ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ಬದಲಿಸಿತು. ದುಡಿಯಲು ಹೊರಗೆ ಹೋದ ತಾಯಿ ಒಳ್ಳೆಯ ತಾಯಿಯೇ ಎಂಬ ವಿಚಾರಣೆ ನಮ್ಮ ಓದುಗರಿಗೆ ಹೊಸದಲ್ಲ.

ಕ್ಲಾರ್ಕ್ ದಾಟಿದ ದಾಖಲೆಗಳಲ್ಲಿ ಒಂದು ಕಾನ್ಸಸ್‌ನ ಲಿನೆಟ್ ವುಡರ್ಡ್ ಅವರದು: 3,649 ಅಂಕ. 1981ರಲ್ಲಿ ಕಾಲೇಜು ಮುಗಿಸಿದ ಆಕೆ 1984ರ ಒಲಿಂಪಿಕ್‌ನಲ್ಲಿ ಚಿನ್ನ ಗೆದ್ದ ತಂಡದ ನಾಯಕಿ. ಇಂದಿನ ಮಹಿಳಾ ಲೀಗ್ ಆರಂಭವಾದದ್ದು 1997ರಲ್ಲಿ. ಆಗ ಆಕೆಯ ವಯಸ್ಸು ಮೂವತ್ತೇಳು. ಆದರೂ ಬಂದು ಆಡಿದರು. ಸಿಂಥಿಯಾ ಕೂಪರ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸ್ಪೇನ್, ಇಟಲಿಗಳಲ್ಲಿ ಆಡಿ, ಮೂವತ್ತನಾಲ್ಕರ ವಯಸ್ಸಿನಲ್ಲಿ ಮರಳಿ ಬಂದು 1997 ಮತ್ತು 1998ರಲ್ಲಿ ಲೀಗಿನ ಅತ್ಯುತ್ತಮ ಆಟಗಾರ್ತಿ ಎನಿಸಿಕೊಂಡರು. ಇವರು ಇಪ್ಪತ್ತೆರಡರಲ್ಲೇ ವೃತ್ತಿಯಲ್ಲಿ ಗೆಲ್ಲಬಲ್ಲವರಾಗಿದ್ದರೇ ಎಂದು ಕೇಳಿದರೆ ಏನು ಹೇಳುವುದು? ಗೆಲ್ಲಲು ಸ್ವದೇಶದಲ್ಲಿ ಸ್ಥಳವೇ ಇರಲಿಲ್ಲ.

ಇನ್ನೊಂದು ಮಾತನ್ನು ಹೇಳದಿದ್ದರೆ ಲೇಖನ ಅಪ್ರಾಮಾಣಿಕವಾದೀತು. ಆ ಲೀಗನ್ನು ಕಷ್ಟಕಾಲದಲ್ಲಿ ಹೊತ್ತು ತಂದವರಲ್ಲಿ ಬಹುಪಾಲು ಕಪ್ಪು ಮಹಿಳೆಯರು. ನಾಲ್ಕು ಬಾರಿ ಅತ್ಯುತ್ತಮ ಆಟಗಾರ್ತಿ ಪ್ರಶಸ್ತಿ ಪಡೆದ ಏಜಾ ವಿಲ್ಸನ್ 2018ರಿಂದ ಆಡುತ್ತಿದ್ದರೂ ಅವರ ಹೆಸರಿನ ಬೂಟು ಅಂಗಡಿಗೆ ಬಂದದ್ದು 2025ರಲ್ಲಿ. ಬಿಳಿಯ ಹುಡುಗಿಯೊಬ್ಬಳು ಬಂದ ತಕ್ಷಣ ದೇಶವೆಲ್ಲ ಕಣ್ಣು ತೆರೆದದ್ದರ ಹಿಂದೆ ಆಟದ ಜೊತೆಗೆ ಬಣ್ಣವೂ ಇದೆ ಎಂದು ಅವರಲ್ಲಿ ಕೆಲವರು ಹೇಳಿದರೆ ಅದನ್ನು ಹೊಟ್ಟೆಕಿಚ್ಚು ಎನ್ನಲಾಗದು. 2024ರ ಜೂನ್‌ನಲ್ಲಿ ಎದುರಾಳಿ ಆಟಗಾರ್ತಿಯೊಬ್ಬರು ಕ್ಲಾರ್ಕ್‌ರನ್ನು ಮೈಯಿಂದ ಗುದ್ದಿ ಕೆಡವಿದಾಗ ಅದು ವಾರಗಟ್ಟಲೆ ಸುದ್ದಿಯಾಯಿತು. ಗಂಡಸರ ಆಟದಲ್ಲಿ ಅದು ಒಂದು ಫೌಲ್. ಇಲ್ಲಿ ಅದು ಹೆಣ್ಣಿಗೆ ಹೆಣ್ಣೇ ಶತ್ರು ಎಂಬ ಹಳೆಯ ಕಥೆಗೆ ಹೊಸ ಸಾಕ್ಷಿ. ಆ ಗಲಾಟೆಯಲ್ಲಿ ಸಂಬಳದ ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಉಳಿಯಲಿಲ್ಲ.

ನಮ್ಮಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗಿಯ ಬದುಕಿಗೆ ಬಹುಕಾಲ ಆಸರೆಯಾದದ್ದು ರೈಲ್ವೆಯಂಥ ಸರ್ಕಾರಿ ಸಂಸ್ಥೆಗಳ ನೌಕರಿ. ಕೇರಳದ ಗೀತು ಅನ್ನಾ ಜೋಸ್ ದಕ್ಷಿಣ ರೈಲ್ವೆಯಲ್ಲಿದ್ದುಕೊಂಡೇ ಆಸ್ಟ್ರೇಲಿಯಾದಲ್ಲಿ ಆಡಿ, 2011ರಲ್ಲಿ ಅಮೆರಿಕದ ಮೂರು ತಂಡಗಳ ಆಯ್ಕೆ ಪರೀಕ್ಷೆಯವರೆಗೆ ಹೋಗಿಬಂದರು. ಅಂಗಳ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಕ್ರಿಕೆಟ್ ಸಾಕ್ಷಿ. ಮಹಿಳೆಯರ ಪ್ರೀಮಿಯರ್ ಲೀಗ್ ಆರಂಭವಾದದ್ದು 2023ರಲ್ಲಿ. 2024ರಲ್ಲೇ ಬೆಂಗಳೂರಿನ ಮಹಿಳಾ ತಂಡ ಕಪ್ ತಂದಿತು. 2008ರಿಂದ ಆಡುತ್ತಿದ್ದ ಪುರುಷರ ತಂಡ ಅದಕ್ಕಾಗಿ 2025ರವರೆಗೆ ಕಾಯಬೇಕಾಯಿತು.

ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಸಂಜೆ ಅಂಗಳದಲ್ಲಿ ಚೆಂಡಿನ ಸದ್ದು ಕೇಳುತ್ತಿತ್ತು. ಕೊನೆಯ ಬಸ್ಸಿನ ಚಿಂತೆಯಲ್ಲಿ ಅಭ್ಯಾಸವನ್ನು ಅರ್ಧಕ್ಕೇ ಬಿಟ್ಟು ಓಡುತ್ತಿದ್ದ ಹುಡುಗಿಯರನ್ನು ಕಂಡಿದ್ದೇನೆ. "ಆಡಿ ಏನು ಮಾಡ್ತೀಯಮ್ಮಾ, ಅದರಿಂದ ಹೊಟ್ಟೆ ತುಂಬುತ್ತಾ?" ಎಂದು ಮನೆಯವರು ಕೇಳುತ್ತಾರೆ, ಮೇಡಂ ಎಂದು ಒಬ್ಬಳು ಹೇಳಿದಾಗ, ಓದಿನ ಕಡೆಗೂ ಗಮನ ಕೊಡು ಎಂದಷ್ಟೇ ಹೇಳಿ ಕಳಿಸಿದೆ. ಆ ಉತ್ತರ ಸಾಲದೆಂದು ಈಗ ಅನಿಸುತ್ತದೆ. ಮನೆಯವರ ಪ್ರಶ್ನೆಯಲ್ಲಿ ಕ್ರೌರ್ಯವಿರಲಿಲ್ಲ, ಲೆಕ್ಕಾಚಾರವಿತ್ತು. ಆ ಲೆಕ್ಕ ತಪ್ಪೆಂದು ತೋರಿಸುವ ಹೊಣೆ ಆ ಒಬ್ಬ ಹುಡುಗಿಯದಾಗಿರಲಿಲ್ಲ.

ಕಾಲೇಜಿನ ತಾರೆ ವೃತ್ತಿಯಲ್ಲಿ ಗೆಲ್ಲಬಲ್ಲಳೇ? ಕ್ಲಾರ್ಕ್ ತಮ್ಮ ಪಾಲಿನ ಉತ್ತರವನ್ನು ಮೊದಲ ವರ್ಷವೇ ಕೊಟ್ಟರು. ಹದಿನಾರು ವರ್ಷ ಕಾದ ವುಡರ್ಡ್, ಪರದೇಶದಲ್ಲಿ ದುಡಿದ ಕೂಪರ್, ಮಗನಿಗಾಗಿ ಕೋರ್ಟು ಹತ್ತಿದ ಬೋಲಿನ್ ಅವರೂ ಕೊಟ್ಟಿದ್ದಾರೆ. ಇನ್ನು ಉತ್ತರ ಹೇಳಬೇಕಾದವರು ಲೀಗಿನ ಒಡೆಯರು, ಟಿ.ವಿ. ಕಂಪನಿಗಳು, ಕಾಲೇಜುಗಳು, ಮನೆಯ ಹಿರಿಯರು. ನಮ್ಮ ಮಗಳೋ ಮೊಮ್ಮಗಳೋ ಚೆಂಡು ಹಿಡಿದು ಬಾಗಿಲಲ್ಲಿ ನಿಂತಾಗ ನಾವೂ ಆ ಪಟ್ಟಿಯಲ್ಲಿದ್ದೇವೆ ಎಂಬುದನ್ನು ಮರೆಯದಿರೋಣ.