ಸಿಂದಗಿಯ ಲಿಟ್ಮಸ್ ಕಾಗದ

2021ನೆಯ ಇಸವಿಯ ಅಕ್ಟೋಬರಿನಲ್ಲಿ, ಶಾಸಕರಾಗಿದ್ದ ಎಂ.ಸಿ. ಮನಗೂಳಿಯವರ ನಿಧನದಿಂದ ತೆರವಾಗಿದ್ದ, ವಿಜಯಪುರ ಜಿಲ್ಲೆಯ ಸಿಂದಗಿಯ ಸ್ಥಾನಕ್ಕೂ ಹಾವೇರಿ ಜಿಲ್ಲೆಯ ಹಾನಗಲ್ಲಿನ ಸ್ಥಾನಕ್ಕೂ ಏಕಕಾಲದಲ್ಲಿ ಉಪಚುನಾವಣೆ ನಡೆದಾಗ, ಮೂರು ತಿಂಗಳ ಹಿಂದಷ್ಟೇ ಮುಖ್ಯಮಂತ್ರಿ ಪದವಿಯನ್ನೇರಿದ್ದ ಬಸವರಾಜ ಬೊಮ್ಮಾಯಿಯವರ ಪಾಲಿಗೆ ಇದೊಂದು ‘ಲಿಟ್ಮಸ್ ಪರೀಕ್ಷೆ’ ಎಂಬ ಮಾತು ಇಂಗ್ಲಿಷ್ ವರದಿಗಳಲ್ಲಿಯೂ ಅವುಗಳ ಬೆನ್ನು ಹಿಡಿದು ಕನ್ನಡದ ವರದಿಗಳಲ್ಲಿಯೂ ಧಾರಾಳವಾಗಿ ಸಂಚರಿಸಿತು. 30ರಂದು ಮತದಾನವಾಯಿತು; ನವೆಂಬರ್ 2ರಂದು ಎಣಿಕೆ ಮುಗಿದಾಗ ಆಳುವ ಪಕ್ಷವು ಸಿಂದಗಿಯಲ್ಲಿ 31,000ಕ್ಕೂ ಹೆಚ್ಚಿನ ಅಂತರದಿಂದ ಗೆದ್ದು, ಮುಖ್ಯಮಂತ್ರಿಗಳ ತವರು ಜಿಲ್ಲೆಯ ಹಾನಗಲ್ಲಿನಲ್ಲಿ 7,000ಕ್ಕೂ ಹೆಚ್ಚಿನ ಅಂತರದಿಂದ ಸೋತಿತ್ತು. ಒಂದೇ ದ್ರಾವಣದಲ್ಲಿ ಅದ್ದಿದ ಕಾಗದವು ಒಂದು ತುದಿಯಲ್ಲಿ ಕೆಂಪಾಗಿಯೂ ಇನ್ನೊಂದು ತುದಿಯಲ್ಲಿ ನೀಲಿಯಾಗಿಯೂ ಕಂಡುಬಂದರೆ ರಸಾಯನಶಾಸ್ತ್ರದ ವಿದ್ಯಾರ್ಥಿಯು ಕಾಗದವನ್ನೋ ದ್ರಾವಣವನ್ನೋ ಸಂಶಯಿಸುತ್ತಾನೆ. ನಮ್ಮ ರಾಜಕೀಯ ವಿಶ್ಲೇಷಕನಾದರೋ ಯಾವುದನ್ನೂ ಸಂಶಯಿಸದೆ, ಮುಂದಿನ ಚುನಾವಣೆಗೆ ಬೇಕಾದೀತೆಂದು ಅದೇ ಕಾಗದವನ್ನು ಜೋಪಾನವಾಗಿ ಎತ್ತಿಡುತ್ತಾನೆ.

ಶಾಸ್ತ್ರದ ಶಬ್ದಗಳು ಪ್ರಯೋಗಾಲಯದ ಹೊಸ್ತಿಲು ದಾಟಿ ಬೀದಿಗೆ ಬರಬಾರದೆಂಬ ಮಡಿವಂತಿಕೆ ನನ್ನದಲ್ಲ. ನನ್ನ ಆಕ್ಷೇಪವಿರುವುದು, ವಸ್ತುವಿನ ನಡತೆಯನ್ನು ಹಿಂದೆ ಬಿಟ್ಟು, ಅದರ ಪ್ರಾಮಾಣ್ಯವನ್ನು ಮಾತ್ರ ಕಡ ತರುವ ಪದ್ಧತಿಗೆ. ಲಿಟ್ಮಸ್ ಎಂಬುದು ಕಲ್ಲುಹೂವಿನ ಜಾತಿಗೆ ಸೇರಿದ ಜೀವಿಗಳಿಂದ ತೆಗೆದ ಬಣ್ಣ. ಆಮ್ಲದಲ್ಲಿ ಕೆಂಪಾಗುತ್ತದೆ, ಕ್ಷಾರದಲ್ಲಿ ನೀಲಿಯಾಗುತ್ತದೆ. ಆಮ್ಲವೆಷ್ಟು ತೀಕ್ಷ್ಣ, ಕ್ಷಾರವೆಷ್ಟು ಪ್ರಬಲ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಸಸ್ಯಜನ್ಯ ವರ್ಣಗಳಲ್ಲಿಯೂ ಕಾಣುವ ಈ ಗುಣವನ್ನು ರಾಬರ್ಟ್ ಬಾಯ್ಲ್ ಎಂಬ ಪಂಡಿತನು 1664ರಲ್ಲಿ ಪ್ರಕಟಿಸಿದ ತನ್ನ ವರ್ಣವಿಷಯಕ ಗ್ರಂಥದಲ್ಲಿ ವಿವರಿಸಿದನು.

ಇಂಥ ಪರೀಕ್ಷೆ ನಮ್ಮ ಸೀಮೆಗೆ ಪರಕೀಯವೆಂದು ಯಾರೂ ಭಾವಿಸಬೇಕಾಗಿಲ್ಲ. ಮದುಮಕ್ಕಳಿಗೆ ಆರತಿ ಎತ್ತುವಾಗ ಅರಿಷಿಣದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿ ಕೆಂಪು ಮಾಡುವ ಮುತ್ತೈದೆಯು ಕ್ಷಾರಪರೀಕ್ಷೆಯನ್ನೇ ಮಾಡುತ್ತಿರುತ್ತಾಳೆ. ಆ ಕೆಂಪು ನೀರಿಗೆ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಇಂಡಿಯ ಲಿಂಬೆಯನ್ನು ಹಿಂಡಿದರೆ ಅದು ಕ್ಷಣಮಾತ್ರದಲ್ಲಿ ಮರಳಿ ಹಳದಿಯಾಗುವುದನ್ನು ಯಾವ ಮಗುವಾದರೂ ನೋಡಿ ನಲಿಯಬಹುದು. ಹಿಂದಿನ ಸಿಂದಗಿ ತಾಲ್ಲೂಕಿನ ದೇವರಹಿಪ್ಪರಗಿಯು ಮಡಿವಾಳ ಮಾಚಯ್ಯನ ಊರು. ಶರಣರ ಬಟ್ಟೆಯನ್ನು ಮಡಿಮಾಡಿದ ಆ ಮಹನೀಯನ ಕಾಯಕದವರಿಗೆ ಸವಳು ಮಣ್ಣಿನ ಕ್ಷಾರಗುಣವು ಕೈಗೆ ಹತ್ತಿದ ವಿದ್ಯೆಯಾಗಿತ್ತು. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನನ್ನು ಮೊದಲ್ಗೊಂಡು ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಅನೇಕರ ಉಪಮೆಗಳು ಹುಸಿಹೋಗದಿರುವುದಕ್ಕೆ, ಅಂಬಿಗನು ಹರಿಗೋಲನ್ನೂ ಮೇದಾರನು ಬಿದಿರನ್ನೂ ತನ್ನ ಕೈಯಿಂದಲೇ ಬಲ್ಲವನಾಗಿದ್ದುದು ಕಾರಣವೆಂದು ನನಗೆ ತೋರುತ್ತದೆ.

ಇಂಗ್ಲಿಷಿನವರ ಆಲಂಕಾರಿಕ ಪ್ರಯೋಗವೂ ಮೂಲದಲ್ಲಿ ಇಷ್ಟೇ ಪ್ರಾಮಾಣಿಕವಾದುದು. ಅಮೆರಿಕದಲ್ಲಿ ನ್ಯಾಯಾಧೀಶರ ನೇಮಕದ ಪ್ರಶ್ನೆ ಬಂದಾಗ, ಗರ್ಭಪಾತದಂಥ ಯಾವುದೋ ಒಂದೇ ವಿಷಯದಲ್ಲಿ ಅಭ್ಯರ್ಥಿಯ ನಿಲುವನ್ನು ಕೇಳಿ, ಉಳಿದ ಯೋಗ್ಯತೆಗಳನ್ನೆಲ್ಲ ಬದಿಗಿಟ್ಟು, ಆ ಒಂದು ಉತ್ತರದ ಬಲದಿಂದಲೇ ಆತನನ್ನು ಅಂಗೀಕರಿಸುವ ಅಥವಾ ತಿರಸ್ಕರಿಸುವ ಕ್ರಮಕ್ಕೆ ಲಿಟ್ಮಸ್ ಪರೀಕ್ಷೆಯೆಂದು ಹೆಸರು. ಕೆಂಪೋ ನೀಲಿಯೋ, ಮಧ್ಯಮ ಮಾರ್ಗವಿಲ್ಲ. ನಮ್ಮಲ್ಲಿಗೆ ಬರುವಷ್ಟರಲ್ಲಿ ಈ ಅರ್ಥವೆಲ್ಲ ಸೋರಿಹೋಗಿ, ಕಠಿಣವಾದ ಯಾವುದೇ ಪರೀಕ್ಷೆಗೂ ಅದೇ ಹೆಸರಾಗಿ ಕುಳಿತಿತು. ಕಠಿಣ ಪರೀಕ್ಷೆಯೆನ್ನಲು ಕನ್ನಡಕ್ಕೆ ಶಬ್ದದಾರಿದ್ರ್ಯವುಂಟೆ? ಅಪವಾದ ಹೊತ್ತವರಿಗೆ ಅಗ್ನಿಪರೀಕ್ಷೆಯುಂಟು. ಆಸೆ ತೋರಿಸಿದರೂ ಹಿಂಸೆ ಕೊಟ್ಟರೂ ಕದಲದವರಿಗೆ ಸತ್ತ್ವಪರೀಕ್ಷೆಯುಂಟು. ಚಿನ್ನದ ಬಣ್ಣ ತಿಳಿಯುವುದಕ್ಕೆ ಅಕ್ಕಸಾಲಿಗನ ಒರೆಗಲ್ಲುಂಟು. ಮೂರಕ್ಕೂ ಬೇರೆ ಬೇರೆ ಸಂದರ್ಭ, ಬೇರೆ ಬೇರೆ ಭಾರ.

ಸಿಂದಗಿಯ ಮತಪೆಟ್ಟಿಗೆಯಲ್ಲಿ ಅಂದು ಅಡಗಿದ್ದುದು ಒಂದೇ ಪ್ರಶ್ನೆಯೆಂದು ಹೇಳುವ ಧೈರ್ಯ ಯಾರಿಗಿದೆ? ಜಾತ್ಯತೀತ ಜನತಾದಳದ ಕೈಯಲ್ಲಿದ್ದ ಸ್ಥಾನ ಅದು. ದಿವಂಗತ ಶಾಸಕರ ಪುತ್ರ ಅಶೋಕ ಮನಗೂಳಿಯವರು ಆ ಪಕ್ಷವನ್ನು ಬಿಟ್ಟು ಕಾಂಗ್ರೆಸ್ಸಿನಿಂದ ಸ್ಪರ್ಧಿಸಿದ್ದರು. ಗೆದ್ದ ರಮೇಶ ಭೂಸನೂರರಾದರೋ ಹಿಂದೆಯೂ ಆ ಕ್ಷೇತ್ರದ ಶಾಸಕರಾಗಿದ್ದವರು. ಅನುಕಂಪ, ಪಕ್ಷಾಂತರ, ಅಭ್ಯರ್ಥಿಯ ಪರಿಚಯ, ಆಳುವ ಪಕ್ಷದ ಬಲ ಇವೆಲ್ಲ ಸೇರಿದ ಆ ಮಿಶ್ರಣದಲ್ಲಿ ಮುಖ್ಯಮಂತ್ರಿಯ ವರ್ಚಸ್ಸೆಂಬ ಒಂದು ಅಂಶವನ್ನು ಮಾತ್ರ ಬೇರ್ಪಡಿಸಿ ತೋರಿಸುವ ಕಾಗದ ಇನ್ನೂ ತಯಾರಾಗಿಲ್ಲ. 2023ರ ಮೇ ತಿಂಗಳಿನಲ್ಲಿ ಅದೇ ಅಶೋಕ ಮನಗೂಳಿಯವರು ಅಲ್ಲಿ ಗೆದ್ದರು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳೂ ಆ ಸಲ ಕಾಂಗ್ರೆಸ್ಸನ್ನೇ ಆರಿಸಿದವು. ಕೆಂಪಾದ ಲಿಟ್ಮಸ್ ಕ್ಷಾರಕ್ಕೆ ತಗುಲಿದರೆ ಮತ್ತೆ ನೀಲಿಯಾಗುವುದೆಂಬ ಶಾಸ್ತ್ರದ ಮಾತೊಂದು ಇಲ್ಲಿ ಹೊಂದೀತು. ಆದರೆ ರೂಪಕವನ್ನು ಬಳಸಿದವರ ಉದ್ದೇಶ ಅದಾಗಿರಲಿಲ್ಲ.

ಇದೇ ಜಿಲ್ಲೆಯ ಒಕ್ಕಲಿಗನು ಈ ವಿಷಯದಲ್ಲಿ ಪತ್ರಿಕೆಗಳಿಗಿಂತ ಮುಂದಿದ್ದಾನೆ. ಹೊಲದ ಮಣ್ಣನ್ನು ಪರೀಕ್ಷೆಗೆ ಕಳುಹಿಸಿದ ರೈತನು ಕೇಳುವುದು ಬಣ್ಣವನ್ನಲ್ಲ, ರಸಸಾರದ ಅಂಕಿಯನ್ನು. ಡೆನ್ಮಾರ್ಕಿನ ಸೋರೆನ್ಸೆನ್ ಎಂಬ ವಿಜ್ಞಾನಿ 1909ರಲ್ಲಿ ರೂಪಿಸಿದ ಆ ಮಾಪನದಲ್ಲಿ 7 ಎಂದರೆ ತಟಸ್ಥ. ಅಲ್ಲಿಂದ ಒಂದೊಂದು ಅಂಕಿ ಏರಿಳಿದಂತೆ ವ್ಯತ್ಯಾಸ ಹತ್ತು ಹತ್ತು ಪಟ್ಟು ಬೆಳೆಯುತ್ತದೆ. ಎರೆಭೂಮಿಯ ರಸಸಾರ 8ರಲ್ಲಿದ್ದರೆ ಬೇಸಾಯಕ್ಕೆ ಉಪಾಯವುಂಟು, 9ನ್ನು ಮೀರಿದರೆ ಜಿಪ್ಸಂ ಹಾಕಬೇಕು, ಬಸಿಗಾಲುವೆ ತೋಡಬೇಕು. ಲಿಟ್ಮಸ್ಸಿಗೆ ಎರಡೂ ಬರಿಯ ನೀಲಿ. ಕಾಲುವೆಯ ನೀರು ಬಂದ ಮೇಲೆ ಕೃಷ್ಣೆಯ ಅಚ್ಚುಕಟ್ಟಿನಲ್ಲಿ ಸವಳು-ಜವಳಿನ ಬಾಧೆಯನ್ನು ಕಂಡವರಿಗೆ ಈ ಭೇದ ಹೊಟ್ಟೆಪಾಡಿನ ಭೇದ.

ಲಿಟ್ಮಸ್ಸಿನದು ಅರ್ಥಶೈಥಿಲ್ಯವಷ್ಟೆ. ‘ರಾಜಕೀಯ ಭೂಕಂಪ’ವೆಂಬ ಇನ್ನೊಂದು ಪ್ರಯೋಗದಲ್ಲಿ ನನಗೆ ಔಚಿತ್ಯಭಂಗವೂ ಕಾಣುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶವಿಸರ್ಜನೆ ಮುಗಿಸಿ ಮಲಗಿದ್ದ ಮಹಾರಾಷ್ಟ್ರದ ಕಿಲ್ಲಾರಿಯ ಸುತ್ತಿನ ಹಳ್ಳಿಗಳಲ್ಲಿ ಸುಮಾರು 10,000 ಜನ ಕಲ್ಲುಮಣ್ಣಿನ ಗೋಡೆಗಳ ಕೆಳಗೆ ಅಸುನೀಗಿದ ವಾರ್ತೆ ಗಡಿಯ ಈಚೆಗಿನ ಇಂಡಿ ಸಿಂದಗಿಗಳಿಗೆ ದೂರದ ವಾರ್ತೆಯಾಗಿರಲಿಲ್ಲ. ಉಪಚುನಾವಣೆಯ ಆ 2021ರಲ್ಲಿಯೇ ವಿಜಯಪುರ ಜಿಲ್ಲೆಯಲ್ಲಿ ಭೂಮಿ ಲಘುವಾಗಿ ನಡುಗಿ ಜನರು ರಾತ್ರಿಯಲ್ಲಿ ಮನೆಬಿಟ್ಟು ಹೊರಗೆ ನಿಂತದ್ದುಂಟು. ಇಂಥ ಓದುಗರ ಎದುರಿಗೆ ಇಬ್ಬರು ನಾಯಕರು ಪಕ್ಷ ಬದಲಿಸಿದ್ದನ್ನು ಭೂಕಂಪವೆಂದು ಶಿರೋನಾಮೆಯಲ್ಲಿ ಬರೆಯುವವರು ಸ್ವಲ್ಪ ಅಳುಕಬೇಕು.

ಚುನಾವಣೆಯನ್ನು ಕುರಿತು ಮಾತನಾಡಲು ಪ್ರಕೃತಿಶಾಸ್ತ್ರದಿಂದಲೇ ಒಂದು ಶಬ್ದ ಬೇಕೆಂದಾದರೆ, ಸಿಂದಗಿಯ ಚಹಾದಂಗಡಿಯಲ್ಲಿ ಅದು ಎಂದಿನಿಂದಲೂ ಚಲಾವಣೆಯಲ್ಲಿದೆ. ‘ಈ ಸಲ ಯಾರ ಹವಾ ಐತ್ರೀ?’ ಎಂದು ಅಲ್ಲಿಯವರು ಕೇಳುತ್ತಾರೆ. ಗಾಳಿಯು ಊರಿಂದೂರಿಗೆ ಬೇರೆಯಾಗಿ ಬೀಸಬಲ್ಲುದು, ಮುಂಜಾನೆಯದು ಸಂಜೆಗೆ ತಿರುಗಬಲ್ಲುದು ಎಂಬುದನ್ನೆಲ್ಲ ಆ ಪ್ರಶ್ನೆ ಒಳಗೊಂಡಿದೆ. ಸಿಂದಗಿಯಲ್ಲೊಂದು ಹಾನಗಲ್ಲಿನಲ್ಲಿನ್ನೊಂದು ಫಲಿತಾಂಶ ಬಂದಾಗ ಹಾಗೆ ಕೇಳಿದವರಾರೂ ತಬ್ಬಿಬ್ಬಾಗಬೇಕಾಗಿರಲಿಲ್ಲ.